ಕೆರೆಯ ಏರಿಯನ್ನು ಕುರಿತ ಪಾಠ



2019ನೆಯ ಇಸವಿಯ ನವೆಂಬರ್ ತಿಂಗಳ 24ನೆಯ ತಾರೀಖು ಭಾನುವಾರವಾಗಿತ್ತು. ಬೆಂಗಳೂರಿನ ದಕ್ಷಿಣದಲ್ಲಿ ಬನ್ನೇರುಘಟ್ಟದ ರಸ್ತೆಗೆ ಸಮೀಪವಾಗಿರುವ ಹುಳಿಮಾವು ಕೆರೆಯ ಏರಿಯು ಆ ದಿನ ಒಡೆದು, ನೀರು ಕೆಳಗಿನ ಬೀದಿಗಳಿಗೆ ನುಗ್ಗಿತು. ನೂರಾರು ಮನೆಗಳೊಳಗೆ ನೀರು ಹೊಕ್ಕಿತು. ಮುದುಕರನ್ನೂ ಮಕ್ಕಳನ್ನೂ ದೋಣಿಗಳಲ್ಲಿ ಕುಳ್ಳಿರಿಸಿ ಹೊರಗೆ ತರಬೇಕಾಯಿತು. ಒಂದು ಕಾಲದಲ್ಲಿ ಗದ್ದೆಯಿದ್ದ ಸ್ಥಳದಲ್ಲಿ ಮನೆ ಕಟ್ಟಿಕೊಂಡವರು, ತಮ್ಮ ಬೀದಿಯ ಮೇಲ್ಗಡೆ ಒಂದು ಕೆರೆ ಉಂಟೆಂಬದನ್ನು ಆ ಮಧ್ಯಾಹ್ನದಲ್ಲಿಯೇ ಮೊದಲು ನೆನಸಿದರೆಂದು ಹೇಳಿದರೆ ತಪ್ಪಾಗಲಾರದು. ಮಹಾಮಳೆ ಸುರಿದು ಆ ಏರಿ ಒಡೆದದ್ದಲ್ಲ. ಏರಿಯ ಮಣ್ಣನ್ನು ಯಂತ್ರದಿಂದ ಅಗೆದದ್ದರಿಂದಲೇ ಹೀಗಾಯಿತೆಂದು ವರ್ತಮಾನ ಪತ್ರಿಕೆಗಳು ತಿಳಿಸಿದವು. ಅಗೆದವರು ಯಾರು, ಅಪ್ಪಣೆ ಕೊಟ್ಟವರು ಯಾರು ಎಂಬ ವಿಷಯದಲ್ಲಿ ಒಬ್ಬರು ಮತ್ತೊಬ್ಬರ ಮೇಲೆ ಹೇಳಿಕೊಂಡರು. ಅದೇ ತಿಂಗಳಿನಲ್ಲಿ, ಇದಕ್ಕೆ ಕೆಲವು ದಿನಗಳ ಮೊದಲು, ಬನಶಂಕರಿಯ ಕಡೆಯ ಹೊಸಕೆರೆಹಳ್ಳಿಯ ಕೆರೆಯೂ ಒಡೆದಿತ್ತು.

ಇದು ಪಟ್ಟಣದವರ ಸಂಗತಿ, ಹಳ್ಳಿಯವರಾದ ನಮಗೇನು ಎಂದು ನೀವು ಕೇಳಬಹುದು. ಆದರೆ ಪಟ್ಟಣದೊಳಗಿರುವ ಆ ಕೆರೆಯೂ ನಿಮ್ಮ ಊರಿನ ಕೆರೆಯೂ ಒಂದೇ ಬಗೆಯ ಕಟ್ಟಡಗಳು. ಎರಡೂ ಮಣ್ಣಿನಿಂದ ಕಟ್ಟಿದವುಗಳೇ, ಎರಡನ್ನೂ ನೂರಾರು ವರುಷಗಳ ಹಿಂದೆ ಗುದ್ದಲಿ ಬುಟ್ಟಿಗಳಿಂದಲೇ ಎಬ್ಬಿಸಿದರು. ಕರ್ನಾಟಕದಲ್ಲಿ ಇಂಥ ಕೆರೆಗಳು 36,000ಕ್ಕೂ ಮೇಲ್ಪಟ್ಟು ಉಂಟು. ಈ ಪತ್ರಿಕೆಯನ್ನು ಓದುವ ಸಭೆಗಳಲ್ಲಿ ಯಾವದಾದರೊಂದು ಕೆರೆಯ ಕೆಳಗೆ ವಾಸಿಸದ ಕುಟುಂಬಗಳು ಬಹಳ ಇರಲಾರವು. ಆದಕಾರಣ ಈ ತಿಂಗಳ ಪಾಠಕ್ಕೆ ಕೆರೆಯ ಏರಿಯನ್ನೇ ತೆಗೆದುಕೊಂಡಿದ್ದೇನೆ.

ಮೊದಲು ಕೆರೆಯ ಅಂಗಗಳನ್ನು ನೋಡೋಣ. ಎರಡು ದಿಣ್ಣೆಗಳ ನಡುವೆ ಮಳೆಯ ನೀರು ಹರಿದುಹೋಗುವ ತಗ್ಗಿಗೆ ಅಡ್ಡವಾಗಿ ಮಣ್ಣಿನ ಒಡ್ಡನ್ನು ಹಾಕಿದರೆ ಅದೇ ಏರಿ. ನೀರಿನ ಕಡೆಯ ಇಳಿಜಾರಿಗೆ ಅಲೆಗಳು ಬಡಿದು ಮಣ್ಣನ್ನು ಕೊರೆಯದಂತೆ ಕಲ್ಲುಗಳನ್ನು ಹೊದಿಸುತ್ತಾರೆ. ಗದ್ದೆಗಳಿಗೆ ನೀರು ಬಿಡುವದಕ್ಕೆ ಏರಿಯ ಅಡಿಯಲ್ಲಿ ತೂಬು ಇರುವದು. ಹಳೆಯ ಕೆರೆಗಳಲ್ಲಿ ನೀರಿನೊಳಗೆ ನಿಂತಿರುವ ಎರಡು ಕಲ್ಲುಕಂಬಗಳನ್ನೂ ಅವುಗಳಿಗೆ ಅಡ್ಡ ಕೂಡಿಸಿದ ಕಲ್ಲುಹಲಗೆಗಳನ್ನೂ ನೀವು ನೋಡಿರುವಿರಷ್ಟೆ. ಆ ಕಂಬಗಳ ನಡುವೆ ಇಳಿಬಿಟ್ಟ ಗಳುವಿನ ತುದಿಯಲ್ಲಿ ಒಂದು ಮರದ ಬಿರಟೆ ಇರುವದು. ಗಳುವನ್ನು ಎತ್ತಿದರೆ ಕೆಳಗಿನ ಕಲ್ಲಿನ ಕಂಡಿ ತೆರೆದು, ನೀರು ಏರಿಯ ಅಡಿಯ ಸುರಂಗದ ಮೂಲಕ ಕಾಲುವೆಗೆ ಬೀಳುವದು. ಆ ನೀರಿನಿಂದ ಬೆಳೆಯುವ ಭೂಮಿಯೇ ಅಚ್ಚುಕಟ್ಟು. ಏರಿಯ ಒಂದು ಕೊನೆಯಲ್ಲಿ, ಗಟ್ಟಿಯಾದ ನೆಲದ ಮೇಲೆ ಅಥವಾ ಬಂಡೆಯ ಮೇಲೆ, ಏರಿಯ ನೆತ್ತಿಗಿಂತ ತಗ್ಗಾದ ಒಂದು ದಾರಿಯನ್ನು ಬಿಟ್ಟಿರುತ್ತಾರೆ. ಅದು ಕೋಡಿ. ಕೆರೆ ತುಂಬಿದ ಮೇಲೆ ಬರುವ ನೀರೆಲ್ಲಾ ಕೋಡಿಯಿಂದ ಹೊರಟು ಮುಂದಿನ ಕೆರೆಗೆ ಹೋಗುವದು.

ಈ ನಾಲ್ಕರಲ್ಲಿ ಯಾವದು ಹೆಚ್ಚಿನದು ಎಂದು ಭಾನುವಾರದ ಶಾಲೆಯ ಮಕ್ಕಳನ್ನು ಕೇಳಿದರೆ, ಏರಿಯೆಂದು ಎಲ್ಲರೂ ಕೂಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕೋಡಿಯೇ ಹೆಚ್ಚಿನದು. ಯಾಕಂದರೆ ಕಲ್ಲಿನ ಕಟ್ಟೆಯ ಮೇಲೆ ನೀರು ಉಕ್ಕಿ ಹರಿದರೆ ಕಟ್ಟೆಯು ಹಲವು ವೇಳೆ ತಾಳಿಕೊಳ್ಳುವದು. ಮಣ್ಣಿನ ಏರಿಯ ಮೇಲೆ ಒಂದು ಗೇಣು ನೀರು ಉಕ್ಕಿದರೂ ಅದು ಹಿಂದಿನ ಇಳಿಜಾರಿನ ಮಣ್ಣನ್ನು ಕೊಚ್ಚಿಕೊಂಡು, ಕೊಚ್ಚಿದಷ್ಟೂ ಆಳವಾಗಿ, ಆಳವಾದಷ್ಟೂ ವೇಗವಾಗಿ ಹರಿದು, ಸ್ವಲ್ಪ ಹೊತ್ತಿನಲ್ಲಿಯೇ ಏರಿಯನ್ನು ಬುಡದ ತನಕ ಸೀಳಿಬಿಡುವದು. ಮಣ್ಣಿನ ಏರಿಗೆ ತನ್ನ ತಲೆಯ ಮೇಲೆ ನೀರನ್ನು ಹೊರುವ ಶಕ್ತಿಯಿಲ್ಲ. ಇದನ್ನು ತಿಳಿಯದೆ ಕೆಲವರು ಎರಡು ಬೆಳೆಗೆ ನೀರು ನಿಲ್ಲಲೆಂದು ಕೋಡಿಗೆ ಮರಳಿನ ಮೂಟೆಗಳನ್ನು ಒಡ್ಡುತ್ತಾರೆ. ಇನ್ನು ಕೆಲವರು ಕೋಡಿಯ ಹಳ್ಳವನ್ನೇ ಉತ್ತು ರಾಗಿ ಬಿತ್ತುತ್ತಾರೆ. ಹತ್ತು ವರುಷ ಏನೂ ಆಗದಿರಬಹುದು. ಹನ್ನೊಂದನೆಯ ವರುಷದ ಒಂದು ರಾತ್ರಿಯ ಮಳೆಗೆ ಲೆಕ್ಕ ತೀರುವದು.

ನೀರಿನ ಒತ್ತಡದ ವಿಷಯದಲ್ಲಿ ಹಲವರಿಗೆ ಒಂದು ತಪ್ಪು ತಿಳುವಳಿಕೆ ಉಂಟು. ಕೆರೆ ಎಷ್ಟು ವಿಸ್ತಾರವೋ ಏರಿಯ ಮೇಲಿನ ಒತ್ತಡವು ಅಷ್ಟು ಹೆಚ್ಚೆಂದು ಅವರು ಎಣಿಸುತ್ತಾರೆ. ಹಾಗಲ್ಲ. ಒತ್ತಡವು ಆಳವನ್ನು ಮಾತ್ರ ಅನುಸರಿಸುವದು. ಒಂದು ಮೀಟರು ಆಳದಲ್ಲಿ ಒಂದು ಚದರ ಮೀಟರಿನ ಮೇಲೆ ಒಂದು ಟನ್ನು, ಐದು ಮೀಟರು ಆಳದಲ್ಲಿ ಐದು ಟನ್ನು. ಹಿಂದೆ ನಿಂತಿರುವ ನೀರು ಹತ್ತು ಎಕರೆಯಾದರೂ ಇನ್ನೂರು ಎಕರೆಯಾದರೂ ಇದು ಒಂದೇ. ಆದಕಾರಣವೇ ಏರಿಯನ್ನು ನೆತ್ತಿಯಲ್ಲಿ ಕಿರಿದಾಗಿಯೂ ಬುಡದಲ್ಲಿ ಬಹು ಅಗಲವಾಗಿಯೂ ಕಟ್ಟುತ್ತಾರೆ. ಮನೆ ಕಟ್ಟುವದಕ್ಕೆ ಏರಿಯ ಬುಡದ ಮಣ್ಣನ್ನು ಒಂದೆರಡು ಗಾಡಿ ತೋಡಿಕೊಂಡು ಹೋಗುವವನು, ಎಲ್ಲಿ ಬಲವು ಬೇಕೋ ಅಲ್ಲಿಯೇ ಕದಿಯುತ್ತಾನೆ. ವಿಸ್ತಾರದಿಂದ ಹೆಚ್ಚುವದು ಯಾವದೆಂದರೆ, ಏರಿ ಒಡೆದ ಮೇಲಿನ ಹಾನಿ. ಒಂದು ಹೆಕ್ಟೇರಿನಲ್ಲಿ ಒಂದು ಮೀಟರು ನೀರು ನಿಂತರೆ ಅದು ಒಂದು ಕೋಟಿ ಲೀಟರು ಎಂಬ ಲೆಕ್ಕವನ್ನು ಜ್ಞಾಪಕದಲ್ಲಿಟ್ಟುಕೊಳ್ಳಿರಿ.

ಉಕ್ಕಿ ಒಡೆಯುವದು ಒಂದು ಬಗೆಯಾದರೆ, ಒಳಗಿನಿಂದ ಒಡೆಯುವದು ಎರಡನೆಯದು. ಇದು ಕಳ್ಳನ ಹಾಗೆ ಬರುವದು. ಎಲ್ಲಾ ಮಣ್ಣಿನ ಏರಿಗಳಲ್ಲಿಯೂ ಸ್ವಲ್ಪ ನೀರು ಜಿನುಗಿ ಹಿಂದಕ್ಕೆ ಬರುವದು ಸಹಜವೇ. ಆ ನೀರು ತಿಳಿಯಾಗಿರುವ ತನಕ ಭಯವಿಲ್ಲ. ಜಿನುಗುವ ನೀರು ಮಣ್ಣಿನ ಕಣಗಳನ್ನು ತನ್ನ ಸಂಗಡ ಹೊತ್ತು ತರುವದಕ್ಕೆ ತೊಡಗಿತೋ, ಒಳಗೆ ಒಂದು ನಾಳವು ಹುಟ್ಟುತ್ತಿದೆಯೆಂದು ಅರ್ಥ. ಹೆಗ್ಗಣದ ಬಿಲ, ನಳ್ಳಿಯ ತೂತು, ಕಡಿದು ಬಿಟ್ಟ ಮರದ ಕೊಳೆತ ಬೇರು, ತೂಬಿನ ಸುರಂಗದ ಕಲ್ಲಿಗೂ ಸುತ್ತಲಿನ ಮಣ್ಣಿಗೂ ನಡುವೆ ಬಿಟ್ಟುಕೊಂಡ ಸಂದು, ಇವೆಲ್ಲವೂ ಆ ನಾಳಕ್ಕೆ ದಾರಿ ಮಾಡಿಕೊಡುವವು.

ನನ್ನ ತಾತನು ನಮ್ಮೂರಿನ ನೀರುಗಂಟಿಯಾಗಿದ್ದನು. ನಾನು ಚಿಕ್ಕವನಾಗಿದ್ದಾಗ ನನ್ನನ್ನು ಏರಿಯ ಹಿಂಬದಿಗೆ ಕರೆದುಕೊಂಡು ಹೋಗಿ, ಒದ್ದೆಯಾದ ಸ್ಥಳದಲ್ಲಿ ನನ್ನ ಅಂಗೈಯನ್ನು ಇರಿಸಿ, “ನೋಡು ಮಗ, ತಿಳಿನೀರು ಬಂದರೆ ನೋಡ್ತಾ ಇರು, ಕೆಂಪುನೀರು ಬಂದರೆ ಓಡು, ಊರನ್ನ ಎಬ್ಬಿಸು” ಎಂದು ಹೇಳಿದ್ದನು. ತಾತನಿಗೆ ಅಕ್ಷರ ಬರುತ್ತಿರಲಿಲ್ಲ. ಮುಂದೆ ದೊಡ್ಡವನಾದ ಮೇಲೆ, ಅಮೆರಿಕ ದೇಶದ ಐಡಹೋ ಸೀಮೆಯಲ್ಲಿದ್ದ ಟೀಟನ್ ಎಂಬ ಮಣ್ಣಿನ ಅಣೆಕಟ್ಟಿನ ಚರಿತ್ರೆಯನ್ನು ಓದಿದಾಗ ಈ ಮಾತು ನನಗೆ ನೆನಪಿಗೆ ಬಂತು. ಅದು 90 ಮೀಟರಿಗಿಂತಲೂ ಎತ್ತರವಾಗಿದ್ದು, ವಿದ್ಯಾವಂತರಾದ ಎಂಜಿನಿಯರುಗಳಿಂದ ಕಟ್ಟಲ್ಪಟ್ಟಿತ್ತು. 1976ನೆಯ ಇಸವಿಯ ಜೂನ್ 5ನೆಯ ತಾರೀಖಿನ ಬೆಳಿಗ್ಗೆ ಅದರ ಹಿಂಬದಿಯಲ್ಲಿ ಕೆಸರುನೀರು ಸೋರುವದನ್ನು ಕೆಲಸಗಾರರು ಕಂಡರು. ತೂತನ್ನು ಮುಚ್ಚುವದಕ್ಕೆ ಹೋದ ಮಣ್ಣು ತಳ್ಳುವ ಯಂತ್ರಗಳನ್ನೇ ಆ ತೂತು ನುಂಗಿತು. ಮಧ್ಯಾಹ್ನವಾಗುವಷ್ಟರಲ್ಲಿ ಅಣೆಕಟ್ಟು ಕುಸಿದುಬಿತ್ತು, ಹನ್ನೊಂದು ಜನರು ಸತ್ತರು. ಅದು ಮೊದಲನೆಯ ಸಾರಿ ನೀರು ತುಂಬುತ್ತಿದ್ದ ಕಾಲ. ಕೆಳಗಿನ ಊರುಗಳವರನ್ನು ಹೊತ್ತಿಗೆ ಮುಂಚೆ ಎಬ್ಬಿಸಿ ಕಳುಹಿಸಿದ್ದರಿಂದ ಸಾವಿರಾರು ಮಂದಿ ಉಳಿದರು.

ಕೆರೆ ಕಟ್ಟುವ ಶಾಸ್ತ್ರವು ನಮ್ಮ ದೇಶದಲ್ಲಿ ಹಳೆಯದು. ವಿಜಯನಗರದ ಕಾಲದಲ್ಲಿ, 1369ನೆಯ ಇಸವಿಯಲ್ಲಿ, ಒಂದನೆಯ ಬುಕ್ಕನ ಮಗನಾದ ಭಾಸ್ಕರನು ಈಗಿನ ಆಂಧ್ರದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಒಂದು ಕೆರೆಯನ್ನು ಕಟ್ಟಿಸಿ ಅಲ್ಲಿ ಒಂದು ಸಂಸ್ಕೃತ ಶಾಸನವನ್ನು ನಿಲ್ಲಿಸಿದನು. ಎರಡು ವರುಷಗಳ ವರೆಗೆ ದಿನಕ್ಕೆ ಸಾವಿರ ಕೂಲಿಗಳೂ ನೂರು ಬಂಡಿಗಳೂ ಅಲ್ಲಿ ದುಡಿದವೆಂದು ಅದರಲ್ಲಿ ಬರೆದದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಆ ಕಲ್ಲು ಹೇಳುತ್ತದೆ. ದೋಷಗಳು ಯಾವವೆಂದರೆ: ಏರಿಯಿಂದ ನೀರು ಸೋರುವದು, ಚೌಳು ಮಣ್ಣು, ಎರಡು ರಾಜ್ಯಗಳ ಎಲ್ಲೆಯಲ್ಲಿ ಕೆರೆ ಇರುವದು, ಕೆರೆಯ ನಡುವೆ ಆಮೆಯ ಬೆನ್ನಿನ ಹಾಗೆ ನೆಲವು ಉಬ್ಬಿರುವದು, ನೀರು ಸ್ವಲ್ಪವಾಗಿ ಭೂಮಿ ಬಹಳವಾಗಿರುವದು, ಭೂಮಿ ಸ್ವಲ್ಪವಾಗಿ ನೀರು ಬಹಳವಾಗಿರುವದು. ಮೂರನೆಯ ದೋಷವನ್ನು ಓದಿದಾಗ ನನಗೆ ನಗು ಬಂತು. ಏಳುನೂರು ವರುಷಗಳಾಗುತ್ತಾ ಬಂದರೂ ಎರಡು ಊರಿನ ಗಡಿಯಲ್ಲಿರುವ ಕೆರೆಯ ಹೂಳನ್ನು ಯಾರು ತೆಗೆಯಬೇಕೆಂಬ ಜಗಳವು ಇನ್ನೂ ತೀರಲಿಲ್ಲ.

ಏರಿಯು ನಿಲ್ಲದಿದ್ದರೆ ಅಥವಾ ಕೆರೆಗೆ ನೀರು ಬಾರದಿದ್ದರೆ ದೇವತೆಗೆ ನರಬಲಿ ಬೇಕೆಂದು ಹಿಂದಿನವರು ನಂಬಿದ್ದುಂಟು. ‘ಕೆರೆಗೆ ಹಾರ’ ಎಂಬ ಜನಪದ ಹಾಡಿನಲ್ಲಿ ಮನೆಯ ಕಿರಿಯ ಸೊಸೆಯಾದ ಭಾಗೀರಥಿಯನ್ನು ಹೀಗೆಯೇ ನೀರಿಗೆ ಒಪ್ಪಿಸುತ್ತಾರೆ. ಆ ಹಾಡನ್ನು ಹಾಡುವಾಗ ಹೆಂಗಸರು ಅಳುವದನ್ನು ನಾನು ನೋಡಿದ್ದೇನೆ, ಅಳುವದು ಸರಿಯೇ. ಆದರೆ ಕೆರೆಗೆ ನೀರು ಬಾರದೆ ಇರುವದು ಜಲಾನಯನದ ಕಾಲುವೆ ಮುಚ್ಚಿದ್ದರಿಂದ. ಏರಿ ನಿಲ್ಲದೆ ಇರುವದು ಮಣ್ಣನ್ನು ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ದನಗಳಿಂದ ತುಳಿಸದೆ ರಾಶಿ ಸುರಿದದ್ದರಿಂದ. ಇದಕ್ಕೆ ಯಾವ ಮನೆಯ ಸೊಸೆಯೂ ಉತ್ತರವಾದಿಯಲ್ಲ.

ಶೆಬದ ರಾಣಿಯು ಸೊಲೊಮೋನನ ಬಳಿಗೆ ಬಂದ ಸಂಗತಿಯನ್ನು ನೀವು ಬಲ್ಲಿರಿ. ಅರಬ್ಬೀ ದೇಶದ ದಕ್ಷಿಣದಲ್ಲಿರುವ ಆ ಶೆಬ ಸೀಮೆಯ ಮುಖ್ಯಪಟ್ಟಣವಾದ ಮಾರಿಬಿನಲ್ಲಿ ಸುಮಾರು 600 ಮೀಟರು ಉದ್ದದ ಮಣ್ಣಿನ ಒಡ್ಡು ಇದ್ದಿತು. ಮರುಭೂಮಿಯ ನಡುವೆ ಆ ಪಟ್ಟಣವು ಬೆಳೆದದ್ದು ಆ ಒಡ್ಡಿನ ನೀರಿನಿಂದಲೇ. ಕ್ರಿಸ್ತಶಕ ಆರನೆಯ ಶತಮಾನದಲ್ಲಿ ಅಲ್ಲಿ ಆಳುತ್ತಿದ್ದ ಅಬ್ರಹ ಎಂಬವನು ಕ್ರೈಸ್ತ ಅರಸನು. ಅವನ ಕಾಲದಲ್ಲಿ ಒಡ್ಡು ಒಡೆಯಲು, ಅವನು ಗೋತ್ರಗಳವರನ್ನೆಲ್ಲಾ ಕೆಲಸಕ್ಕೆ ಕರೆಸಿದನು. ನಡುವೆ ವ್ಯಾಧಿ ತಗಲಿ ಜನರನ್ನು ಮನೆಗೆ ಕಳುಹಿಸಬೇಕಾಯಿತು. ವ್ಯಾಧಿ ಇಳಿದ ಮೇಲೆ ಮತ್ತೆ ಕರೆಸಿ ಕೆಲಸವನ್ನು ಮುಗಿಸಿದನು. 548ನೆಯ ಇಸವಿಯ ಅವನ ಕಲ್ಲುಬರಹವು ಕ್ರಿಸ್ತನ ಹೆಸರಿನಿಂದ ಆರಂಭವಾಗುತ್ತದೆ. ಕೆಲಸಗಾರರಿಗೆ ವೆಚ್ಚವಾದ ಹಿಟ್ಟು, ಖರ್ಜೂರ, ಮಾಂಸಗಳ ಲೆಕ್ಕವನ್ನೂ ಅದೇ ಕಲ್ಲಿನ ಮೇಲೆ ಕೆತ್ತಿಸಿದನು. ಆದರೂ ಅವನ ತರುವಾಯ ನೋಡಿಕೊಳ್ಳುವವರಿಲ್ಲದೆ, ಸುಮಾರು 570ನೆಯ ಇಸವಿಯ ಹೊತ್ತಿಗೆ ಒಡ್ಡು ಕಡೆಯ ಸಾರಿ ಒಡೆಯಿತು. ಜನರು ಊರು ಬಿಟ್ಟು ಚದರಿಹೋದರು.

ನಮ್ಮ ಸೀಮೆಗೆ ಬರೋಣ. ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಸಮುದ್ರಮಟ್ಟಕ್ಕೆ 900 ಮೀಟರಿಗಿಂತಲೂ ಎತ್ತರದ ದಿಣ್ಣೆಯ ಮೇಲೆ ಊರು ಕೂತಿರುವದರಿಂದ, ಬಿದ್ದ ಮಳೆಯು ನಾನಾ ದಿಕ್ಕಿಗೆ ಇಳಿದುಹೋಗುವದು. ಹೊಸಕೆರೆಹಳ್ಳಿಯ ಕಡೆಯ ನೀರು ವೃಷಭಾವತಿಗೆ ಸೇರಿ ಅರ್ಕಾವತಿಯ ಮೂಲಕ ಕಾವೇರಿಗೆ ಹೋದರೆ, ಮಡಿವಾಳದ ಕಡೆಯ ನೀರು ಮೂಡಲಿಗೆ ತಿರುಗಿ ದಕ್ಷಿಣ ಪಿನಾಕಿನಿಗೆ ಸೇರುವದು. ಹೀಗೆ ಓಡಿಹೋಗುವ ನೀರನ್ನು ಹಿಂದಿನವರು ಮೆಟ್ಟಿಲು ಮೆಟ್ಟಿಲಾಗಿ ತಡೆದರು. ಮಡಿವಾಳದ ಕೆರೆಯ ಕೋಡಿಯ ನೀರು ಅಗರದ ಕೆರೆಗೆ, ಅಗರದ್ದು ಬೆಳ್ಳಂದೂರಿಗೆ, ಬೆಳ್ಳಂದೂರಿನದು ವರ್ತೂರಿಗೆ. ಅಗರದಲ್ಲಿ ಗಂಗರಸರ ಕಾಲದ, ಒಂಬತ್ತನೆಯ ಶತಮಾನದ ಒಂದು ಕನ್ನಡ ಶಾಸನವುಂಟು. ಎರಡು ಕೆರೆಗಳಿಗೆ ತೂಬು ಇರಿಸಿ ಮೂರನೆಯ ಕೆರೆಯನ್ನು ಕಟ್ಟಿಸಿದವನಿಗೆ ಬಿತ್ತುವಟ್ಟವನ್ನು ಕೊಟ್ಟ ಸಂಗತಿ ಅದರಲ್ಲಿದೆ. ಬಿತ್ತುವಟ್ಟವೆಂದರೆ, ಕೆರೆಯನ್ನು ಕಟ್ಟಿದವನಿಗೂ ಕಾಪಾಡುವವನಿಗೂ ಅದರ ಕೆಳಗಿನ ಭೂಮಿಯಿಂದ ಸಲ್ಲುವ ಪಾಲು. ಅಂದರೆ ಸಾವಿರದ ನೂರು ವರುಷಗಳ ಹಿಂದೆಯೇ, ಕಟ್ಟುವದಕ್ಕೆ ಹಣ ಬೇಕಾದ ಹಾಗೆ ಕಾಯುವದಕ್ಕೂ ಸ್ಥಿರವಾದ ಆದಾಯ ಬೇಕೆಂದು ಜನರು ತಿಳಿದಿದ್ದರು.

ಇಂದು ಜನರು ಬಿ.ಟಿ.ಎಂ. ಬಡಾವಣೆಯೆಂದು ಕರೆಯುವ ಸ್ಥಳದ ಹೆಸರನ್ನು ಬಿಡಿಸಿ ನೋಡಿದರೆ ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಸಿಕ್ಕುವವು. ನಡುವಿನ ಹೆಸರೇ ಕೆರೆಯದು. ಅಲ್ಲಿ ಮನೆ ಬಾಡಿಗೆಗೆ ಹುಡುಕುವ ನಮ್ಮ ಹುಡುಗರಿಗೆ ಆ ಮೂರು ಅಕ್ಷರಗಳು ಇಂಗ್ಲಿಷಿನವು ಮಾತ್ರ. ಜಯನಗರವನ್ನು 1948ರಲ್ಲಿ ಸ್ಥಾಪಿಸಿದಾಗ ಅದರ ಸುತ್ತಲೂ ಯಡಿಯೂರು, ಭೈರಸಂದ್ರ, ಸಾರಕ್ಕಿ ಮುಂತಾದ ಊರುಗಳು ತಮ್ಮ ತಮ್ಮ ಕೆರೆಗಳ ಕೆಳಗೆ ಬೇಸಾಯ ಮಾಡಿಕೊಂಡಿದ್ದವು. ಪಟ್ಟಣಕ್ಕೆ 1890ರ ದಶಕದಲ್ಲಿ ಹೆಸರಘಟ್ಟದಿಂದಲೂ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ, 1974ರಲ್ಲಿ ಕಾವೇರಿಯಿಂದಲೂ ಕೊಳವೆಯ ನೀರು ಬಂತು. ಮನೆಯೊಳಗೆ ನಲ್ಲಿ ಬಂದ ಮೇಲೆ ಕೆರೆಯ ಕಡೆಗೆ ತಿರುಗಿ ನೋಡುವವರು ಕಡಿಮೆಯಾದರು. ಧರ್ಮಾಂಬುಧಿ ಕೆರೆಯ ನೆಲದಲ್ಲಿ ಬಸ್ಸುಗಳು ನಿಲ್ಲುತ್ತವೆ, ಸಂಪಂಗಿ ಕೆರೆಯ ನೆಲದಲ್ಲಿ ಕಂಠೀರವ ಕ್ರೀಡಾಂಗಣವುಂಟು. ಕೆರೆಗಳನ್ನು ಒಡೆಯಬಾರದು, ಕಾಪಾಡಬೇಕು ಎಂಬ ಆಲೋಚನೆಯನ್ನು ಹೇಳುವದಕ್ಕೆ ಸರಕಾರವು 1985ರಲ್ಲಿ ಲಕ್ಷ್ಮಣರಾವ್ ಸಮಿತಿಯನ್ನು ನೇಮಿಸುವಷ್ಟರಲ್ಲಿ ಎಷ್ಟೋ ಕೆರೆಗಳು ಹೋಗಿದ್ದವು.

ಹಳ್ಳಿಗಳಲ್ಲಿ ಕೆಟ್ಟದ್ದಕ್ಕೆ ಕಾರಣ ಬೇರೆ. ತೂಬನ್ನು ಎತ್ತಿ ಮುಚ್ಚುವವನೂ, ಗದ್ದೆಗೆ ಸರದಿಯಂತೆ ನೀರು ಹಂಚುವವನೂ, ಮಳೆಯ ರಾತ್ರಿಯಲ್ಲಿ ಏರಿಯ ಮೇಲೆ ತಿರುಗುವವನೂ ನೀರುಗಂಟಿಯೇ. ಅವನಿಗೆ ಸ್ವಲ್ಪ ಮಾನ್ಯದ ಭೂಮಿಯೂ ಸುಗ್ಗಿಯಲ್ಲಿ ಪ್ರತಿ ಕಣದಿಂದ ಕಾಳೂ ಸಲ್ಲುತ್ತಿದ್ದವು. 1961ರ ಗ್ರಾಮಾಧಿಕಾರ ರದ್ದಿಯಾತಿಯ ಕಾಯಿದೆಯಿಂದ ವಂಶಪಾರಂಪರ್ಯದ ಹುದ್ದೆಗಳು ನಿಂತುಹೋದವು. ನಿಂತದ್ದು ಒಳ್ಳೆಯದೇ. ಯಾಕಂದರೆ ಅನೇಕ ಊರುಗಳಲ್ಲಿ ನೀರುಗಂಟಿಯು ದಲಿತರ ಮನೆತನದವನು. ಊರಿನ ಗದ್ದೆಗಳಿಗೆಲ್ಲಾ ನೀರು ಬಿಡುವವನು ಅವನು. ಆದರೆ ಊರ ಬಾವಿಯನ್ನು ಅವನ ಹೆಂಡತಿಯು ಮುಟ್ಟುವಂತಿರಲಿಲ್ಲ. ನನ್ನ ತಾತನು ಈ ಮಾತನ್ನು ಆಡುವಾಗ ಕೋಪದಿಂದ ಆಡುತ್ತಿರಲಿಲ್ಲ, ನೆಲವನ್ನು ನೋಡಿಕೊಂಡು ಆಡುತ್ತಿದ್ದನು. ಮಹಾರಾಷ್ಟ್ರದ ಮಹಾಡ್ ಎಂಬಲ್ಲಿ ಚವ್ದಾರ್ ಕೆರೆಯ ನೀರನ್ನು ಎಲ್ಲಾ ಜಾತಿಯವರೂ ತೆಗೆದುಕೊಳ್ಳಬಹುದೆಂದು ಪುರಸಭೆಯು 1924ರಲ್ಲಿ ನಿರ್ಣಯಿಸಿದರೂ ಯಾರೂ ತೆಗೆದುಕೊಳ್ಳಲಾರದೆ ಹೋದದ್ದರಿಂದ, 1927ನೆಯ ಇಸವಿಯ ಮಾರ್ಚ್ 20ರಂದು ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಆ ನೀರನ್ನು ಕುಡಿದರು. ವ್ಯಾಜ್ಯವು ಹತ್ತು ವರುಷ ನಡೆದು 1937ರಲ್ಲಿ ಮುಂಬಯಿಯ ಹೈಕೋರ್ಟಿನಲ್ಲಿ ಅವರ ಪಕ್ಷಕ್ಕೆ ತೀರಿತು.

ಹುದ್ದೆ ಹೋದದ್ದು ನ್ಯಾಯವಾದರೂ, ಕೆಲಸವನ್ನು ಮಾಡುವವರು ಯಾರೆಂಬದನ್ನು ಮಾತ್ರ ಯಾರೂ ನೇಮಿಸಲಿಲ್ಲ. ಹುದ್ದೆ ನಿಂತ ಮೇಲೆಯೂ ತಾತನು ಕೂಲಿಯಿಲ್ಲದೆ ಕೆಲವು ವರುಷ ಏರಿಯನ್ನು ಸುತ್ತಿದನು. ಅವನ ತರುವಾಯ ಯಾರೂ ಸುತ್ತಲಿಲ್ಲ. ಕೊಳವೆಬಾವಿಗಳು ಬಂದವು, ಕೆರೆಯನ್ನು ಮರೆತರು. ಕೊಳವೆಬಾವಿಗೆ ನೀರು ಬರುವದು ಕೆರೆಯ ತಳದಿಂದ ಇಂಗಿದ್ದರಿಂದಲೇ ಎಂಬದನ್ನು ಬಾವಿ ಬತ್ತಿದ ಮೇಲೆ ತಿಳಿದುಕೊಂಡರು.

ಕೆಟ್ಟ ಕೆರೆಯನ್ನು ಮತ್ತೆ ಬದುಕಿಸಬಹುದೋ? ಬಹುದು. ಜೆ.ಪಿ. ನಗರದ ಪುಟ್ಟೇನಹಳ್ಳಿಯ ಕೆರೆಯು ಸುಮಾರು 13 ಎಕರೆಯದು. ಕಸ ತುಂಬಿ ಒಣಗಿಹೋಗುತ್ತಿದ್ದ ಅದನ್ನು ಕಾಪಾಡಬೇಕೆಂದು ನೆರೆಹೊರೆಯವರು 2010ರಲ್ಲಿ ಒಂದು ಟ್ರಸ್ಟನ್ನು ಮಾಡಿಕೊಂಡು, ನಗರಪಾಲಿಕೆಯೊಡನೆ ಒಪ್ಪಂದ ಮಾಡಿ, ನೋಡಿಕೊಳ್ಳುವ ಭಾರವನ್ನು ತಾವೇ ವಹಿಸಿಕೊಂಡರು. ಹಿಂದಿನ ಕಾಲುವೆಗಳು ಕಟ್ಟಡಗಳ ಅಡಿಯಲ್ಲಿ ಮುಚ್ಚಿಹೋಗಿದ್ದರಿಂದ, ಹತ್ತಿರದ ಒಂದು ದೊಡ್ಡ ವಸತಿಯ ಶುದ್ಧೀಕರಿಸಿದ ನೀರನ್ನು ಕೆರೆಗೆ ತರಿಸಬೇಕಾಯಿತು. ಏರಿಯು ನೆಟ್ಟಗಿದ್ದರೂ ಕಾಲುವೆಯಿಲ್ಲದ ಕೆರೆಯು ಬಾಯಿಲ್ಲದ ಹೊಟ್ಟೆಯ ಹಾಗೆ. ಅಲ್ಲಿಗೆ ದೂರವಲ್ಲದ ಸಾರಕ್ಕಿ ಕೆರೆಯು ದಾಖಲೆಯಲ್ಲಿ 82 ಎಕರೆ. ಅದರೊಳಗೆ ಎದ್ದಿದ್ದ ಒತ್ತುವರಿಯನ್ನು ಜಿಲ್ಲಾ ಆಡಳಿತವು 2015ರ ಏಪ್ರಿಲಿನಲ್ಲಿ ತೆರವು ಮಾಡಿಸಿತು. ಮನೆ ಕಳೆದುಕೊಂಡವರಲ್ಲಿ ಅರಿಯದೆ ಕೊಂಡುಕೊಂಡ ಬಡವರೂ ಇದ್ದರು. ಭೂಮಿಯನ್ನು ಕೊಳ್ಳುವ ಮೊದಲು ಗ್ರಾಮದ ನಕಾಶೆಯಲ್ಲಿ ಕೆರೆಯ ಗೆರೆ ಎಲ್ಲಿ ಹೋಗಿದೆಯೆಂದು ನೋಡದೆ ಹಣ ಕೊಡಬೇಡಿರಿ. ಪಟ್ಟಣಕ್ಕೆ ಹೋಗಿ ನೆಲೆಸುವ ನಮ್ಮ ಮಕ್ಕಳಿಗೆ ಇದನ್ನು ತಪ್ಪದೆ ತಿಳಿಸಿರಿ.

ಕೋಲಾರದ ಕಡೆಯ ಸಭೆಗಳವರಿಗೆ ಇನ್ನೊಂದು ಮಾತು. ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ, 2018ನೆಯ ಇಸವಿಯಿಂದ ಕೊಳವೆಗಳಲ್ಲಿ ನಿಮ್ಮ ಕೆರೆಗಳಿಗೆ ಏರಿಸುತ್ತಿದ್ದಾರೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರದ ಕೆರೆ. ಆ ವರುಷ ಜುಲೈಯಲ್ಲಿಯೇ ಅಲ್ಲಿ ನೊರೆ ಕಾಣಿಸಿಕೊಂಡದ್ದರಿಂದ ಜನರು ಹೆದರಿದರು, ವ್ಯಾಜ್ಯವು ನ್ಯಾಯಸ್ಥಾನಕ್ಕೂ ಹೋಯಿತು. ಬತ್ತಿದ್ದ ಬಾವಿಗಳಲ್ಲಿ ನೀರು ಮೇಲಕ್ಕೆ ಬಂದದ್ದನ್ನು ಹೇಳಿ ಸಂತೋಷಪಡುವ ರೈತರೂ ಇದ್ದಾರೆ, ಮೂರನೆಯ ಹಂತದ ಶುದ್ಧಿಯಾಗದೆ ಇದು ಸಾಲದೆಂದು ವಾದಿಸುವವರೂ ಇದ್ದಾರೆ. ಎರಡನೆಯವರ ಮಾತನ್ನು ತಳ್ಳಿಹಾಕಬಾರದೆಂದು ನನ್ನ ಎಣಿಕೆ. ಅಂತೂ ಆ ನೀರನ್ನು ಕುಡಿಯುವದಕ್ಕೂ ಅಡಿಗೆಗೂ ತೆಗೆದುಕೊಳ್ಳಬೇಡಿರಿ. ಇನ್ನೂ ಒಂದು ಸಂಗತಿ ಉಂಟು. ಬಹಳ ವರುಷ ಒಣಗಿ ಬಿರುಕು ಬಿಟ್ಟ ಏರಿಗೆ ಒಮ್ಮೆಲೇ ನೀರು ತುಂಬಿದರೆ, ಬಿರುಕುಗಳೇ ನಾಳಗಳಾಗುವವು. ತುಂಬುವ ಮೊದಲ ತಿಂಗಳುಗಳಲ್ಲಿ ದಿನಕ್ಕೊಂದು ಸಾರಿಯಾದರೂ ಏರಿಯ ಹಿಂಬದಿಯನ್ನು ನಡೆದು ನೋಡಬೇಕು.

ನೋಡುವದು ಹೇಗೆ? ಮುಂಗಾರಿಗೆ ಮೊದಲು, ಚೈತ್ರ ವೈಶಾಖಗಳಲ್ಲಿ ಕೆರೆ ತಗ್ಗಿರುವಾಗ, ಏರಿಯ ಒಂದು ತುದಿಯಿಂದ ಇನ್ನೊಂದು ತುದಿಯ ವರೆಗೆ ನಡೆಯಿರಿ. ನೆತ್ತಿಯು ಎಲ್ಲಿ ಕುಸಿದು ತಗ್ಗಾಗಿದೆಯೋ ಅಲ್ಲಿಯೇ ಮೊದಲು ನೀರು ಉಕ್ಕುವದು. ಅಲ್ಲಿಗೆ ಜೇಡಿಮಣ್ಣನ್ನು ಹಾಕಿ ದಿಮ್ಮಸು ಮಾಡಿರಿ, ಮರಳುಮಣ್ಣು ಬೇಡ. ಜಾಲಿಯಂಥ ಗಿಡಗಳನ್ನು ಎಳೆಯದಿರುವಾಗಲೇ ಬುಡಸಮೇತ ಕೀಳಿರಿ. ದೊಡ್ಡ ಮರವಾಗಿದ್ದರೆ ಎಂಜಿನಿಯರನ್ನು ಕೇಳದೆ ಮುಟ್ಟಬೇಡಿರಿ, ಕಡಿದರೆ ಒಳಗೆ ಕೊಳೆಯುವ ಬೇರು ಮುಂದಿನ ತೂತು. ಹುಲ್ಲು ಮಾತ್ರ ಇರಲಿ, ಅದು ಇಳಿಜಾರಿನ ಮಣ್ಣನ್ನು ಹಿಡಿದುಕೊಳ್ಳುವದು. ಕೋಡಿಯ ಬಾಯನ್ನೂ ಅದರಿಂದ ಹೊರಡುವ ಹಳ್ಳವನ್ನೂ ಬಿಡಿಸಿರಿ. ಹೂಳನ್ನು ಹೊಲಕ್ಕೆ ಹೊಡೆಯಿರಿ, ಒಳ್ಳೆಯ ಗೊಬ್ಬರ. ಆದರೆ ಏರಿಯ ಬುಡದ ಹತ್ತಿರ ತೋಡಬೇಡಿರಿ. ಮಳೆಗಾಲದಲ್ಲಿ ಹಿಂಬದಿಯಲ್ಲಿ ಕೆಂಪುನೀರು ಕಂಡರೆ, ಮೊದಲು ಕೆಳಗಿನ ಮನೆಯವರನ್ನು ಎಬ್ಬಿಸಿರಿ, ತರುವಾಯ ತೂಬನ್ನು ಎತ್ತಿ ಕೆರೆಯನ್ನು ಇಳಿಸಿರಿ, ಸೋರುವ ಸ್ಥಳದ ಮೇಲೆ ಮರಳನ್ನೂ ಅದರ ಮೇಲೆ ಜಲ್ಲಿಯನ್ನೂ ಹೇರಿರಿ. ಹೀಗೆ ಮಾಡಿದರೆ ನೀರು ಹೊರಗೆ ಬರುವದು, ಮಣ್ಣು ಬಾರದು. ಜೇಡಿಯಿಂದ ಬಾಯನ್ನು ಮುಚ್ಚಿದರೆ ನೀರು ಪಕ್ಕದಲ್ಲಿ ಇನ್ನೊಂದು ಬಾಯಿ ಮಾಡುವದು.

ಅರ್ಜಿ ಯಾರಿಗೆ ಕೊಡಬೇಕೆಂದು ಕೇಳುತ್ತೀರಿ. ಅಚ್ಚುಕಟ್ಟು 40 ಹೆಕ್ಟೇರಿನ ಒಳಗಿನ ಕೆರೆಗಳು ಪಂಚಾಯಿತಿಯ ವಶದಲ್ಲಿಯೂ, 40ರಿಂದ 2,000 ಹೆಕ್ಟೇರಿನ ವರೆಗಿನವು ಸಣ್ಣ ನೀರಾವರಿ ಇಲಾಖೆಯ ವಶದಲ್ಲಿಯೂ ಇರುವವು. ಅರ್ಜಿಯಲ್ಲಿ ಕೆರೆಯ ಹೆಸರು, ಸರ್ವೆ ನಂಬರು, ಹಾನಿಯಾದ ಸ್ಥಳವು ತೂಬಿನಿಂದ ಎಷ್ಟು ಮಾರು ದೂರ ಎಂಬವುಗಳನ್ನು ಬರೆದು, ತಾರೀಖು ಹಾಕಿಸಿ ರಸೀದಿಯನ್ನು ಪಡೆಯಿರಿ. ಸಭೆಯವರೆಂದು ಬೇರೆಯಾಗಿ ಬರೆಯದೆ ಊರವರೆಲ್ಲರ ರುಜು ಹಾಕಿಸಿರಿ, ಕೆರೆಯು ಎಲ್ಲರದು.

ಹೋದ ವೈಶಾಖದಲ್ಲಿ ನಮ್ಮೂರಿನ ಏರಿಯ ಮೇಲಿನ ಜಾಲಿಯನ್ನು ನಾವು ಹದಿನಾರು ಮಂದಿ ಸೇರಿ ಎರಡು ದಿನ ಕಿತ್ತೆವು. ತೂಬಿನಿಂದ ಮೂವತ್ತು ಮಾರು ಈಚೆಗೆ ಒಂದು ಪೊದೆಯ ಅಡಿಯಲ್ಲಿ ಹೆಗ್ಗಣದ ಬಿಲವು ಸಿಕ್ಕಿತು. ಮೇಲಿನಿಂದ ನೋಡಿದರೆ ಮುಷ್ಟಿಯಷ್ಟೇ. ಏಳು ಅಡಿಯ ಬಿದಿರುಗಳುವನ್ನು ತೂರಿಸಿದೆವು. ಪೂರಾ ಒಳಗೆ ಹೋಯಿತು, ತುದಿಗೆ ಏನೂ ತಗಲಲಿಲ್ಲ. ಅಗೆದು ತೆರೆದು, ಜೇಡಿಮಣ್ಣನ್ನು ಪದರ ಪದರವಾಗಿ ಹಾಕಿ ತುಳಿದು ಮುಚ್ಚುವದಕ್ಕೆ ಅರವತ್ತೆರಡು ಬುಟ್ಟಿ ಹಿಡಿಯಿತು.